ಬ್ಯಾನರ್ ಹೊಲಿಯುವ ಮುನ್ನ

ಸೈತಾಮಾದಲ್ಲಿ ನಡೆದ 2023ರ ವಿಶ್ವ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಶೋಮಾ ಉನೊ, ಕಾವೊರಿ ಸಕಾಮೊಟೊ ತವರಿನವರೆದುರೇ ಚಿನ್ನ ಗೆದ್ದರು. ಅಂಥ ಕ್ರೀಡಾಂಗಣಕ್ಕೆ ನಿಮ್ಮ ಮೆಚ್ಚಿನವರ ಹೆಸರು ಹೊತ್ತೊಯ್ಯುವ ಆಸೆಯಿದ್ದರೆ, ಮೊದಲು ಟಿಕೆಟ್ ಜೊತೆ ಕೊಡುವ ನಿಯಮ ಓದಿ. ಬ್ಯಾನರಿನ ಅಳತೆ, ಕಟ್ಟುವ ಜಾಗ, ಕೋಲಿಗೆ ಅವಕಾಶವಿದೆಯೇ ಎಂಬುದು ಒಂದೊಂದು ಕಡೆ ಒಂದೊಂದು ಥರ. ಯಾವ ಕಂಪನಿಯ ಗುರುತೂ ಅದರ ಮೇಲೆ ಬೇಡ.

ಅಕ್ಷರದ ವಿಷಯದಲ್ಲಿ ಜಿಪುಣತನ ಮಾಡಬೇಡಿ. ದೊಡ್ಡ ಸ್ಪರ್ಧೆಗಳ ಮಂಜಿನಂಗಳ 60 ಮೀಟರ್ ಉದ್ದ, 30 ಮೀಟರ್ ಅಗಲ. ಮೂವತ್ತು ಮೀಟರ್ ಆಚೆಯಿಂದ ಸಲೀಸಾಗಿ ಓದಬೇಕೆಂದರೆ ಅಕ್ಷರ 25 ಸೆಂಟಿಮೀಟರಿನಷ್ಟಾದರೂ ಎತ್ತರವಿರಲಿ. ಹೆಸರೊಂದೇ ಸಾಕು, ಉದ್ದದ ಹಾರೈಕೆ ಬರೆದರೆ ಹೆಸರೇ ಕುಗ್ಗುತ್ತದೆ. ಕಡು ನೀಲಿ ಬಟ್ಟೆಗೆ ಬಿಳಿ ಅಥವಾ ಹಳದಿ ಅಕ್ಷರ ಚೆನ್ನಾಗಿ ಎದ್ದು ಕಾಣುತ್ತದೆ. ಮಿನುಗುವ ಫ್ಲೆಕ್ಸ್ ಮಾತ್ರ ಬೇಡವೇ ಬೇಡ, ದೀಪದ ಬೆಳಕಿಗೆ ಅಕ್ಷರವೇ ಮಾಯವಾಗುತ್ತದೆ. ಬಟ್ಟೆಯೇ ಮೇಲು: ಮಡಚಿ ಚೀಲದಲ್ಲಿಡಬಹುದು, ಸುಕ್ಕಾದರೆ ಇಸ್ತ್ರಿ ಹಾಕಬಹುದು. ಅಂಚು ಮಡಿಸಿ ಹೊಲಿದು, ಮೂಲೆಗಳಿಗೆ ಎರಡು ಹೊಲಿಗೆ ಹಾಕಿ, ಕಟ್ಟಲು ಲಾಡಿ ಸೇರಿಸಿ. ಹೆಸರಿನ ಕಾಗುಣಿತವನ್ನು ಕತ್ತರಿ ಹಿಡಿಯುವ ಮುಂಚೆಯೇ ಸ್ಪರ್ಧಿಗಳ ಅಧಿಕೃತ ಪಟ್ಟಿ ನೋಡಿ ತಾಳೆ ಹಾಕಿಕೊಳ್ಳಿ.

ಕೈಯಲ್ಲಿ ಹಿಡಿಯುವುದಾದರೆ ಆರು ನಿಮಿಷದ ವಾರ್ಮ್‌ಅಪ್, ಸ್ಪರ್ಧಿಯ ಹೆಸರು ಕೂಗುವ ಹೊತ್ತು, ಆಟ ಮುಗಿದ ಮೇಲಿನ ಚಪ್ಪಾಳೆ, ಇವೇ ಸರಿಯಾದ ಸಮಯ. ಸಂಗೀತ ಶುರುವಾದೊಡನೆ ತೊಡೆಯ ಮೇಲಿಳಿಸಿ. ಹಿಂದಿನ ಸಾಲಿನವರೂ ಆ ಜಿಗಿತ ನೋಡಲೆಂದೇ ಬಂದಿರುತ್ತಾರೆ.