ಎತ್ತಬೇಡಿ, ಜಾರಿಸಿ: ವಾರ್ಡ್ ಸಿಬ್ಬಂದಿಯ ಸೊಂಟಕ್ಕೆ ರಕ್ಷಣೆ

ನೈಟ್ ಡ್ಯೂಟಿ ಮುಗಿಸಿ ಸೊಂಟ ಹಿಡಿದುಕೊಂಡು ಬಸ್ ಹತ್ತುವ ಸಿಸ್ಟರ್‌ಗಳಿಗೆ ಎಲ್ಲರೂ ಹೇಳುವ ಮಾತು ಒಂದೇ: ‘ಬೆನ್ನು ನೇರ ಇಟ್ಕೊಂಡು, ಮಂಡಿ ಬಗ್ಗಿಸಿ ಎತ್ತಿ.’ ಅಕ್ಕಿ ಮೂಟೆಗಾದರೆ ಸರಿ. ಆದರೆ ರೋಗಿ ನೋವಿಗೆ ಥಟ್ಟನೆ ತಿರುಗುತ್ತಾರೆ, ಹೆದರಿ ನಿಮ್ಮ ಕುತ್ತಿಗೆಗೇ ಜೋತುಬೀಳುತ್ತಾರೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಿಯೋಶ್‌ನ ಥಾಮಸ್ ವಾಟರ್ಸ್ 2007ರಲ್ಲಿ ಕೊಟ್ಟ ಲೆಕ್ಕದಂತೆ, ಎಲ್ಲ ಅನುಕೂಲವಿದ್ದಾಗಲೂ ಒಬ್ಬರು ಕೈಯಿಂದ ಹೊರಬಹುದಾದ ರೋಗಿಯ ಭಾರ ಸುಮಾರು 16 ಕೆ.ಜಿ. ಅರವತ್ತು ಕೆ.ಜಿ. ತೂಗುವವರ ಒಂದು ಕಾಲೇ ಹತ್ತು ಕೆ.ಜಿ. ಹತ್ತಿರ ಇರುತ್ತದೆ! ಹಾಗಾಗಿ ಎತ್ತುವ ಭಂಗಿಗಿಂತ ಎತ್ತದಿರುವ ಉಪಾಯ ಕಲಿಯುವುದು ಮೇಲು.

ಹಾಸಿಗೆಯಿಂದ ಸ್ಟ್ರೆಚರ್‌ಗೆ ಹೀಗೆ ಸಾಗಿಸಿ:

1. ಮೊದಲು ರೋಗಿಯನ್ನೇ ಕೇಳಿ. ಮಂಡಿ ಮಡಚಿ, ಹಿಮ್ಮಡಿ ಊರಿ ತಾವೇ ಸರಿಯಬಲ್ಲವರಾದರೆ ನಿಮ್ಮ ಕೆಲಸ ಅರ್ಧ ಮುಗಿಯಿತು.

2. ಸ್ಟ್ರೆಚರನ್ನು ಮಂಚಕ್ಕೆ ತಾಗಿಸಿ, ಎರಡಕ್ಕೂ ಬ್ರೇಕ್ ಹಾಕಿ. ಸ್ಟ್ರೆಚರ್ ಕೂದಲೆಳೆಯಷ್ಟು ತಗ್ಗಿನಲ್ಲಿದ್ದರೆ ಒಳ್ಳೆಯದು. ಡ್ರಿಪ್, ಕ್ಯಾತಿಟರ್ ಚೀಲ ಮೊದಲೇ ಆ ಕಡೆ ದಾಟಲಿ.

3. ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ಡ್ರಾ ಶೀಟ್ ಹಾಸಿ, ಅದರಡಿ ಸ್ಲೈಡ್ ಶೀಟ್ (ಜಾರುವ ನುಣುಪು ಹಾಳೆ) ಸೇರಿಸಿ. ಸ್ಲೈಡ್ ಶೀಟ್ ಇಲ್ಲವೇ? ಶುಭ್ರವಾದ ದೊಡ್ಡ, ದಪ್ಪ ಪ್ಲಾಸ್ಟಿಕ್ ಚೀಲವೂ ಆದೀತು. ಬಟ್ಟೆಗೆ ಬಟ್ಟೆ ಉಜ್ಜುವುದು ತಪ್ಪಿದರೆ ಎಳೆಯಲು ಬೇಕಾದ ಬಲ ತೀರಾ ಇಳಿಯುತ್ತದೆ. ಕೆಲಸ ಮುಗಿದ ಕೂಡಲೇ ಆ ಶೀಟನ್ನೋ ಚೀಲವನ್ನೋ ತೆಗೆದುಬಿಡಿ.

4. ಡ್ರಾ ಶೀಟಿನ ಅಂಚನ್ನು ರೋಗಿಯ ಮೈಗೆ ತಾಗುವಷ್ಟು ಸುರುಳಿ ಸುತ್ತಿ ಹಿಡಿಯಿರಿ. ಕೈ ಚಾಚಿದಷ್ಟೂ ಸೊಂಟದ ಡಿಸ್ಕ್ ಮೇಲೆ ಭಾರ ಹೆಚ್ಚು. ಮಂಚದ ಎತ್ತರ ಬದಲಿಸಲಾಗದ ವಾರ್ಡುಗಳಲ್ಲಿ, ಸ್ಟ್ರೆಚರ್‌ನ ಎದುರು ಬದಿಯಿಂದ ತಳ್ಳುವವರು ಒಂದು ಮಂಡಿಯನ್ನು ಹಾಸಿಗೆಗೇ ಊರುವುದು ವಾಸಿ.

5. ತಲೆಯ ಕಡೆ ನಿಂತವರೊಬ್ಬರೇ ‘ಒಂದು, ಎರಡು, ಮೂರು’ ಎನ್ನಬೇಕು. ಒಂದು ಕಾಲು ಮುಂದಿಟ್ಟು, ಮೈಭಾರವನ್ನು ಹಿಂದಿನ ಕಾಲಿಗೆ ವರ್ಗಾಯಿಸುತ್ತ ಎಳೆಯಿರಿ, ನಡು ತಿರುಚಬೇಡಿ. ಮೊದಲು ಮಂಚದ ಅಂಚಿಗೆ, ಆಮೇಲೆ ಸ್ಟ್ರೆಚರ್‌ಗೆ. ಈ ಕೆಲಸಕ್ಕೆ ನಾಲ್ವರು ಬೇಕು, ಇಲ್ಲದಿದ್ದರೆ ಕಾಯಿರಿ.

ಬೆನ್ನುಮೂಳೆಗೆ ಪೆಟ್ಟಾಗಿರುವ ಶಂಕೆಯಿದ್ದರೆ ಈ ಕ್ರಮ ಬೇಡ, ತರಬೇತಿ ಪಡೆದ ತಂಡ ಬರಲಿ. ರೋಗಿಯ ಕಡೆಯವರು ಹುಮ್ಮಸ್ಸಿನಲ್ಲಿ ಕಂಕುಳಿಗೆ ಕೈ ಹಾಕಿ ಎತ್ತಲು ಬರುತ್ತಾರೆ. ರೋಗಿಯ ಭುಜಕ್ಕೂ ಅದು ಅಪಾಯ, ನಯವಾಗಿ ತಡೆಯಿರಿ. ನಡೆಸುವಾಗ ರೋಗಿ ಕುಸಿದರೆ ಹಿಡಿದೆತ್ತಲು ಹೋಗದೆ, ನಿಮ್ಮ ಮೈಗೆ ಒರಗಿಸಿ ಮೆಲ್ಲಗೆ ನೆಲಕ್ಕೆ ಜಾರಿಸಿ. ಸೊಂಟದ ಬೆಲ್ಟ್ ನಂಬಿ ಭಾರ ಎತ್ತಬೇಡಿ, ಅದು ಪೆಟ್ಟು ತಡೆಯುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಡ್ರೆಸಿಂಗ್ ಮಾಡುವಾಗ, ಸೂಜಿ ಹಾಕುವಾಗ ಬಗ್ಗಿ ನಿಲ್ಲುವ ಬದಲು ಸ್ಟೂಲ್ ಎಳೆದು ಕೂರಿ.

ಆದರೂ ಸೊಂಟ ಹಿಡಿದುಕೊಂಡಿತೇ? ವಾರಗಟ್ಟಲೆ ಮಲಗಬೇಡಿ, ತಾಳುವಷ್ಟು ನಡೆದಾಡಿ. ಕಾಲು ಸೋತರೆ, ಗುದದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋದರೆ ಶಿಫ್ಟ್ ಮುಗಿಯುವವರೆಗೂ ಕಾಯಬೇಡಿ, ಕೂಡಲೇ ವೈದ್ಯರಿಗೆ ತೋರಿಸಿ.

ವಾರ್ಡ್ ಇನ್‌ಚಾರ್ಜ್‌ಗಳೇ, ಮುಂದಿನ ಇಂಡೆಂಟ್‌ನಲ್ಲಿ ಗ್ಲೌಸ್, ಸಿರಿಂಜ್ ಜೊತೆಗೆ ಎರಡು ಸ್ಲೈಡ್ ಶೀಟನ್ನೂ ಬರೆಯಿರಿ.