ಮುಟ್ಟಿದ್ದು ಬೇರೆ, ಮುಗಿಸಿದ್ದು ಬೇರೆ

ಆನ್‌ಲೈನ್ ಪಾಠದ ಮೊದಲ ಪುಟದಲ್ಲಿ, ಅಂದರೆ ಮೆನುವಿನಲ್ಲಿ, ಅಧ್ಯಾಯಕ್ಕೊಂದರಂತೆ ಬಟನ್‌ಗಳಿರುತ್ತವೆ. ಕಲಿಯುವವರು ಹೊರಡುವುದೂ ಅಲ್ಲಿಂದ, ಮರಳಿ ಬರುವುದೂ ಅಲ್ಲಿಗೇ. ತಾವು ಎಲ್ಲಿಗೆ ಬಂದಿದ್ದೇವೆ, ಇನ್ನೆಷ್ಟು ಉಳಿದಿದೆ ಎಂಬುದನ್ನು ಆ ಪುಟವೇ ಹೇಳಬೇಕು.

ಕಬ್ಬೂರಿನ ಮನೆಯಲ್ಲೇ ಕೂತು ಇಂಥ ಪಾಠ ಸಿದ್ಧಪಡಿಸುವುದು ನನ್ನ ಕೆಲಸ. ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್‌ಗಳಿಗಾಗಿ ಬೇರೆಡೆ ತಯಾರಾದ ಪಾಠವೊಂದು ದುರಸ್ತಿಗೆಂದು ನನ್ನ ಕೈಗೆ ಬಂತು. ಬೀಜೋಪಚಾರ, ಹನಿ ನೀರಾವರಿ, ಗೊಣ್ಣೆಹುಳು, ಕುಳೆ ಕಬ್ಬು ಎಲ್ಲವೂ ಅದರಲ್ಲಿದ್ದವು. ಅದನ್ನು ನೋಡುತ್ತಿದ್ದ ಒಬ್ಬರು ಹೊಲದ ಬದುವಿನಿಂದಲೇ ಫೋನ್ ಮಾಡಿದರು: "ಸರ, ನಿನ್ನೆ ನಾ ಎಲ್ಲಿಗಿ ಬಿಟ್ಟಿದ್ನಿ ತಿಳೀವಲ್ದರಿ. ಎಲ್ಲಾ ಹಸರ ಕಾಣಾಕತ್ತೈತಿ."

ಕಾರಣ ಸರಳ. ಇಂಥ ಪಾಠ ಕಟ್ಟುವ ಸ್ಟೋರಿಲೈನ್ ತಂತ್ರಾಂಶದಲ್ಲಿ ಬಟನ್‌ಗೆ 'ವಿಸಿಟೆಡ್' ಎಂಬ ಸ್ಥಿತಿಯೊಂದಿದೆ. ಬಟನ್ ಒತ್ತಿದ ಕ್ಷಣವೇ ಅದು ಜಾರಿಗೆ ಬರುತ್ತದೆ. ಒಳಗೆ ಹೋಗಿ ಒಂದು ಸಾಲೂ ಓದದೆ ಹೊರಬಂದರೂ ಬಣ್ಣ ಬದಲಾಗಿರುತ್ತದೆ. ಆ ಪಾಠದಲ್ಲಿ ಪ್ರಗತಿ ತೋರಿಸಲು ಇದನ್ನೇ ಬಳಸಿದ್ದರು.

ಮುಗಿದದ್ದನ್ನು ತೋರಿಸಲು ಬೇರೆ ಏರ್ಪಾಡು ಬೇಕು. ಪ್ರತಿ ಅಧ್ಯಾಯಕ್ಕೂ ಟ್ರೂ-ಫಾಲ್ಸ್ ವೇರಿಯಬಲ್ ಒಂದನ್ನು ಇಟ್ಟೆ. ಅಧ್ಯಾಯ ಮುಗಿದಾಗ ಅದು ಟ್ರೂ ಆಗುತ್ತದೆ. ಮೆನು ಪುಟ ತೆರೆದಾಗ ಅದನ್ನು ನೋಡಿ ಬಟನ್‌ನ ಸ್ಥಿತಿ ಬದಲಾಗುತ್ತದೆ. ಮೆನು ಪುಟಕ್ಕೆ ಮರಳಿದಾಗಲೆಲ್ಲ ಅದು ಮೊದಲಿನಿಂದ ಶುರುವಾಗುವಂತೆ ಹೊಂದಿಸಿರಬೇಕು. ಇಲ್ಲದಿದ್ದರೆ ಈ ತಪಾಸಣೆ ನಡೆಯುವುದೇ ಇಲ್ಲ.

ಆದರೆ 'ಮುಗಿದಿದೆ' ಎಂದರೆ ಏನು? ಇದಕ್ಕೆ ಉತ್ತರ ಸಿಕ್ಕಿದ್ದು ಶಿಕ್ಷಕಿಯಾದ ಅಕ್ಕನ ನಲಿ-ಕಲಿ ತರಗತಿಯಲ್ಲಿ. 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ರಿಷಿ ವ್ಯಾಲಿ ಶಾಲೆಯ ಪ್ರೇರಣೆಯ ಈ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೂ ಬಂತು. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಚಿತ್ರಗಳಿರುತ್ತವೆ. ಇನ್ನೂ ಓದಲು ಬಾರದ ಮಗುವೂ ಚಿತ್ರ ನೋಡಿ ತನ್ನ ಕಲಿಕಾ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ. ಕೆಲ ದಿನ ಶಾಲೆ ತಪ್ಪಿಸಿಕೊಂಡ ಮಗು ಮರಳಿ ಬಂದರೆ, ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಮೌಲ್ಯಮಾಪನದ ಕಾರ್ಡ್ ಮಾಡಿದ ಮೇಲಷ್ಟೇ ಏಣಿಯ ಮೈಲಿಗಲ್ಲು ದಾಟಿದಂತೆ. ಇಷ್ಟು ಸ್ಪಷ್ಟವಾಗಿ ಪ್ರಗತಿ ತೋರಿಸುವ ಡಿಜಿಟಲ್ ಮೆನುವನ್ನು ನಾನು ನೋಡಿದ್ದು ಅಪರೂಪ. ಅಂದಿನಿಂದ ನನ್ನ ವೇರಿಯಬಲ್ ಟ್ರೂ ಆಗುವುದು ಅಧ್ಯಾಯದ ಕೊನೆಯ ಪುಟ ತೆರೆದಾಗಲ್ಲ, ಅಲ್ಲಿನ ಪ್ರಶ್ನೆಗೆ ಸರಿಯುತ್ತರ ಕೊಟ್ಟಾಗ.

ಬಣ್ಣವೊಂದನ್ನೇ ನೆಚ್ಚಬಾರದು. ಕೆಂಪು-ಹಸಿರು ಬೇರೆ ಕಾಣದವರ ಮಾತು ಹಾಗಿರಲಿ, ಮಟಮಟ ಮಧ್ಯಾಹ್ನ ಕಬ್ಬಿನ ಗದ್ದೆಯಲ್ಲಿ ನಿಂತವರಿಗೆ ಮೊಬೈಲ್ ಪರದೆಯ ಹಸಿರೂ ಬೂದು ಬಣ್ಣವೂ ಒಂದೇ. ಹಾಗಾಗಿ ತೆರೆಯದ ಅಧ್ಯಾಯಕ್ಕೆ ಖಾಲಿ ವೃತ್ತ, ಅರ್ಧ ಓದಿದ್ದಕ್ಕೆ ಅರ್ಧ ತುಂಬಿದ ವೃತ್ತ, ಮುಗಿದದ್ದಕ್ಕೆ ರೈಟ್ ಗುರುತು. ಕೆಳಗೆ ಕನ್ನಡದಲ್ಲಿ ಒಂದೊಂದು ಪದ.

ನೆಟ್‌ವರ್ಕ್ ಹೋಗಿ ಬಂದರೂ ಈ ಗುರುತುಗಳು ಉಳಿಯಬೇಕು. ಪಾಠವೂ ಅದನ್ನು ನಡೆಸುವ ವ್ಯವಸ್ಥೆಯೂ ಮಾಹಿತಿ ಹಂಚಿಕೊಳ್ಳುವ ಮಾನದಂಡವೇ ಸ್ಕಾರ್ಮ್. ಅದರ 1.2 ಆವೃತ್ತಿಯಲ್ಲಿ ಕಲಿಯುವವರ ಸ್ಥಿತಿಯನ್ನು ಉಳಿಸಿಡಲು 4,096 ಅಕ್ಷರಗಳ ಜಾಗವಷ್ಟೇ ಇದೆ. 'ಸ್ಕಾರ್ಮ್ 2004'ರ ಮೂರನೇ ಆವೃತ್ತಿಯಿಂದ ಅದು 64,000. ದೊಡ್ಡ ಪಾಠ ಈ ಮಿತಿ ದಾಟಿದರೆ ಉಳಿಸಿದ್ದೆಲ್ಲ ಕೈಕೊಡಬಹುದು. ಕಷ್ಟಪಟ್ಟು ಓದಿದವರಿಗೆ ಖಾಲಿ ಮೆನು ತೋರಿಸುವುದು ಅನ್ಯಾಯ. ಆದ್ದರಿಂದ 1.2 ಬಳಸುವ ಹಳೆಯ ವ್ಯವಸ್ಥೆಗೆ ಕೊಡುವ ಪಾಠಗಳನ್ನು ಸಣ್ಣದಾಗಿ ಒಡೆಯುತ್ತೇನೆ.

ಮುಗಿದ ಅಧ್ಯಾಯಕ್ಕೆ ಬೀಗ ಹಾಕಿ ಎಂದು ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಗೊಣ್ಣೆಹುಳು ಬೇರು ಕಡಿಯತೊಡಗಿದಾಗ ಫೀಲ್ಡ್‌ಮನ್ ಹುಡುಕುವುದು ಎಂದೋ ಮುಗಿಸಿದ ಆ ಅಧ್ಯಾಯವನ್ನೇ. ಅದನ್ನು ಮತ್ತೆ ತೆರೆದು ನಡುವೆ ಬಿಟ್ಟರೆ, ರೈಟ್ ಗುರುತು ಹೋಗಿ ಅರ್ಧ ವೃತ್ತ ಬರಕೂಡದು. ಅದಕ್ಕೆಂದೇ ಅರ್ಧ ವೃತ್ತ ತೋರಿಸುವ ಆದೇಶಕ್ಕೆ, ಅಂದರೆ ಟ್ರಿಗರ್‌ಗೆ, ಒಂದು ಷರತ್ತು ಸೇರಿಸುತ್ತೇನೆ: ಆ ಅಧ್ಯಾಯದ ವೇರಿಯಬಲ್ ಇನ್ನೂ ಫಾಲ್ಸ್ ಇದ್ದರೆ ಮಾತ್ರ.