ಕಾಡುಗಿಚ್ಚನ್ನು ಎದುರಿಸುವ ವಿದ್ಯೆ

ನಮ್ಮ ಸಾರಥಿಯ ಕಡೆ ಕಬ್ಬಿನ ರವದಿಗೆ ಬೆಂಕಿಯಿಡುವ ಮುನ್ನ ಹಿರಿಯರು ಬದುವಿನ ಕಸವನ್ನು ಗುಡಿಸುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ಕಾಡುಗಿಚ್ಚನ್ನು ತಡೆಯುವವರು ಕಲಿಯುವ ಮೊದಲ ಪಾಠವೂ ಇದೇ.

ಬೆಂಕಿಗೆ ಉರುವಲು, ಗಾಳಿ, ಕಾವು ಮೂರೂ ಬೇಕು. ಕಾಡಿನಲ್ಲಿ ಗಾಳಿಯನ್ನು ತಡೆಯಲಾರೆವು, ನೀರೂ ದೂರ. ಆದುದರಿಂದ ಉರುವಲನ್ನೇ ತೆಗೆಯಬೇಕು. ಬೇಸಗೆಗೆ ಮೊದಲೇ ಹುಲ್ಲು ತರಗೆಲೆಗಳನ್ನು ಸವರಿ, ಹತೋಟಿಯಲ್ಲಿ ಸುಟ್ಟು ಮಾಡುವ ಬರಿದಾದ ಪಟ್ಟಿಗೆ ಬೆಂಕಿ ರೇಖೆಯೆಂದು ಹೆಸರು. ಸಣ್ಣ ಕಿಚ್ಚನ್ನು ಹಸಿಸೊಪ್ಪಿನಿಂದ ಬಡಿದು ಆರಿಸುವರು. ಜ್ವಾಲೆ ಆಳೆತ್ತರವಾದರೆ ಸೊಪ್ಪು ಸಾಲದು. ಆಗ ನುರಿತವರು ರೇಖೆಯಿಂದ ಎದುರು ಬೆಂಕಿ ಕೊಡುವರು.

ಗುಡ್ಡದಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ. ಏಕೆಂದರೆ ಜ್ವಾಲೆಯು ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುತ್ತದೆ. ಆದುದರಿಂದ ಬೆಂಕಿಯ ಮೇಲ್ಗಡೆ ನಿಲ್ಲಬಾರದು. ಹಿಂದೆ ಸರಿಯುವ ದಾರಿಯನ್ನು ಗುರುತಿಸಿಕೊಂಡೇ ಮುಂದೆ ಹೋಗಬೇಕು. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿಯೂ, 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿಯೂ ಬೆಂಕಿಯಾರಿಸಹೋದ ಅರಣ್ಯ ರಕ್ಷಕರೊಬ್ಬೊಬ್ಬರು ಪ್ರಾಣ ತೆತ್ತರು.

ನಮ್ಮ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿಯೂ ಕೊಂಡಕುರಿಗಳು ಬಾಳುವ ಕುರುಚಲು ಕಾಡಿದೆ. ಬೇಸಗೆಯಲ್ಲಿ ಅಲ್ಲಿನ ಹುಲ್ಲೂ ಒಣಗುತ್ತದೆ. ನೆರವಾಗಬೇಕೆನ್ನುವ ವಿದ್ಯಾರ್ಥಿ ಮಿತ್ರರು ಹೊಗೆ ಕಂಡ ದಿನ ಓಡಿಹೋಗುವುದಕ್ಕಿಂತ, ರೇಖೆ ಸವರುವ ದಿನವೇ ಇಲಾಖೆಯವರೊಡನೆ ನಿಂತು ಕಲಿಯುವುದು ಮೇಲು. ಧೈರ್ಯವೊಂದೇ ಸಾಲದು.